ಮೂರು ಸ್ಲ್ಯಾಬಿನ ಕಣ್ಣು

ಹುಬ್ಬಳ್ಳಿಯಲ್ಲಿ ನನ್ನ ಕಣ್ಣಿನ ಕ್ಲಿನಿಕ್ಕಿನ ಪಕ್ಕದ ಸೈಟಿನಲ್ಲಿ ಮೊನ್ನೆ ಸ್ಲ್ಯಾಬ್ ಹಾಕಿದರು. ಬೆಳಿಗ್ಗೆ ಶುರುವಾದ ಮಿಕ್ಸರಿನ ಗಡಗಡ ಸಂಜೆಯವರೆಗೆ ನಿಲ್ಲಲಿಲ್ಲ. ಹಸಿ ಕಾಂಕ್ರೀಟಿನ ವಾಸನೆ ಕಿಟಕಿ ದಾಟಿ ಬಂದು ನನ್ನ ಮೇಜಿನ ಮೇಲೆಯೇ ಕೂತಂತಾಯಿತು. ಬೇರೆಯವರಿಗೆ ಆ ವಾಸನೆ ಹೊಸ ಮನೆಯನ್ನು ನೆನಪಿಸುತ್ತದೋ ಏನೋ. ನನಗೆ ಮೃಣಾಲಿ ನೆನಪಾಗುತ್ತಾಳೆ. ನೆನಪಾದೊಡನೆ ಹೊಟ್ಟೆಯಲ್ಲಿ ಹಳೆಯ ಉರಿಯೊಂದು ಎದ್ದು ಕೂರುತ್ತದೆ. ಇಷ್ಟು ವರ್ಷವಾದರೂ ಪೂರ್ತಿ ಆರಿಲ್ಲ ಅದು. ಇಂಥದ್ದನ್ನು ನಾಚಿಕೆ ಬಿಟ್ಟು ಹೇಳಿಕೊಳ್ಳುವ ವಯಸ್ಸು ಈಗ ಬಂದಿದೆ, ಹೇಳಿಬಿಡುತ್ತೇನೆ.

ಅದು ಎರಡು ಸಾವಿರದ ಏಳರ ಮಳೆಗಾಲ. ಬಿಜಾಪುರದಿಂದ ಹೋದ ನಾನು ಗೋವಾದ ಒಂದು ದೊಡ್ಡ ಸರಕಾರಿ ದವಾಖಾನೆಯಲ್ಲಿ ಕಣ್ಣಿನ ವಿಭಾಗದ ಎರಡನೇ ವರ್ಷದ ಪಿ.ಜಿ. ವಿದ್ಯಾರ್ಥಿನಿ. ಮೃಣಾಲಿ ನನ್ನದೇ ವರ್ಷ, ನನ್ನದೇ ಯೂನಿಟ್ಟು. ಪಣಜಿಯ ಹುಡುಗಿ. ಆ ಊರಿನ ಮಳೆ ಬಿಜಾಪುರದವರ ಎಣಿಕೆಗೆ ಸಿಗುವಂಥದ್ದಲ್ಲ. ಜೂನಿನಲ್ಲಿ ಹಿಡಿದರೆ ಚಪ್ಪಲಿಗೆ, ಪುಸ್ತಕಕ್ಕೆ, ಕೊನೆಗೆ ನಮ್ಮ ಯಂತ್ರಗಳ ಮಸೂರಗಳಿಗೂ ಬೂಷ್ಟು ಹತ್ತುತ್ತಿತ್ತು. ನನ್ನ ಕೊಡೆ ಮೊದಲ ವಾರವೇ ಮುರಿಯಿತು. ಮೃಣಾಲಿ ಮಾತ್ರ ಅದೇ ಮಳೆಯಲ್ಲಿ ನಡೆದು ಬಂದರೂ ಈಗ ತಾನೇ ಇಸ್ತ್ರಿ ಮಾಡಿದ ಹಾಗಿರುತ್ತಿದ್ದಳು. ಹೊಟ್ಟೆಕಿಚ್ಚಿಗೆ ಇಷ್ಟೇ ಸಾಕಿತ್ತು. ಆದರೆ ಕಾರಣ ಇನ್ನೂ ದೊಡ್ಡದಿತ್ತು, ಅದು ಅವಳ ಕೈ.

ಕಣ್ಣುಗುಡ್ಡೆ ಕೂತಿರುವುದು ಎಲುಬಿನ ಒಂದು ಗೂಡಿನಲ್ಲಿ. ಆ ಗೂಡಿನೊಳಗೆ ಗಂಟು ಬೆಳೆದರೆ ಕಣ್ಣು ಹೊರಗೆ ಉಬ್ಬುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ. ಅದು ಎಂಥ ಗಂಟು ಎಂದು ತಿಳಿಯಲು ಆಗ ನಮ್ಮ ಮುಂದೆ ಇದ್ದದ್ದು ಮೂರು ದಾರಿ. ಸಣ್ಣ ಸೂಜಿ ತೂರಿಸಿ ಒಂದಿಷ್ಟು ಜೀವಕೋಶ ಎಳೆದು ಗಾಜಿನ ಮೇಲೆ ಸವರಿ ನೋಡುವುದು. ಕತ್ತರಿಸಿ ಒಂದು ಚೂರು ತೆಗೆದು ಕಳಿಸುವುದು. ಅಥವಾ ಮೊದಲು ಮುಟ್ಟಲೇ ಹೋಗದೆ ಇಡೀ ಗಂಟನ್ನು ಅದರ ಹೊದಿಕೆ ಸಮೇತ ತೆಗೆದು, ಆಮೇಲೆ ಹೆಸರು ಕೇಳುವುದು. ಸೂಜಿಯ ದಾರಿಯಲ್ಲಿ ಮೃಣಾಲಿಯನ್ನು ಮೀರಿಸುವವರಿರಲಿಲ್ಲ. ಕಣ್ಣಿಗೆ ಕಾಣದ ಜಾಗಕ್ಕೆ ಸೂಜಿ ಹೋಗಿ, ನರವನ್ನು ಮುಟ್ಟದೆ, ಬೇಕಾದಷ್ಟೇ ತಂದು ಕೊಡುತ್ತಿತ್ತು. ನಾನು ಹಾಕಿದರೆ ಗಾಜಿನ ಮೇಲೆ ಬರೀ ರಕ್ತ.

ನಮ್ಮ ಯೂನಿಟ್ಟಿನ ಮುಖ್ಯಸ್ಥೆಯನ್ನು ನಾವು ಮೇಡಂ ಎನ್ನುತ್ತಿದ್ದೆವು. ಹೊಗಳಿಕೆಯಲ್ಲಿ ಮಹಾ ಜಿಪುಣೆ. ಅಂಥವರು ಒಂದು ದಿನ ಎಲ್ಲರೆದುರು, “ಮೃಣಾಲಿಯ ಬೆರಳ ತುದಿಗೇ ಕಣ್ಣಿದೆ” ಎಂದರು. ನನ್ನ ಕಡೆ ತಿರುಗಿ, “ನಿನ್ನ ಕೇಸ್ ಶೀಟಿನ ಅಕ್ಷರ ಬಹಳ ಚೆಂದ” ಎಂದರು. ಸರ್ಜನ್ ಆಗಲು ಬಂದವಳಿಗೆ ಅಕ್ಷರ ಚೆಂದ ಅನ್ನುವುದು, ಅಡುಗೆ ಮಾಡಿ ಬಡಿಸಿದವಳಿಗೆ ತಟ್ಟೆ ಚೆನ್ನಾಗಿ ತೊಳೆದಿದ್ದೀಯ ಅಂದ ಹಾಗೆ. ಆವತ್ತು ನಾನು ಹಾಸ್ಟೆಲ್ಲಿಗೆ ಹೋಗಿ ಊಟ ಮಾಡಲಿಲ್ಲ.

ನನ್ನ ಹತ್ತಿರ ಇದ್ದ ಒಂದೇ ಬಂಡವಾಳ ಕನ್ನಡ. ದಾಬೋಲಿಮ್, ಸಾಂಕೋಲೆ, ವಾಸ್ಕೋ ಕಡೆಯಿಂದ ನಮ್ಮ ಕಡೆಯ ಜನ ಬರುತ್ತಿದ್ದರು. ಬಾಗಲಕೋಟೆ, ಮುದ್ದೇಬಿಹಾಳ, ಹುನಗುಂದದ ಗೌಂಡಿಗಳು, ಕಾಂಕ್ರೀಟು ಹೊರುವ ಹೆಂಗಸರು. ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆಂದು ವರ್ಷದ ರೋಗವನ್ನೆಲ್ಲ ಕೂಡಿಟ್ಟು ಆಗಲೇ ತರುತ್ತಿದ್ದರು. “ಕನ್ನಡದ ಬಾಯಾರು ಎಲ್ಲಿ ಅದಾರ್ರಿ?” ಎಂದು, ಡಾಕ್ಟರಮ್ಮನಿಗೆ ಅವರು ಇಟ್ಟ ಆ ಹೆಸರಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಾಗ ನನಗೂ ಒಂದು ಗತ್ತು ಬರುತ್ತಿತ್ತು. ಮೇಡಂ ಕೂಡ ಆಗ ನನ್ನ ಮುಖ ನೋಡಲೇಬೇಕಿತ್ತು.

ಆ ಜುಲೈನಲ್ಲಿ ಮೃಣಾಲಿ ಅದಕ್ಕೂ ಕೈ ಹಾಕಿದಳು. ಏಪ್ರನ್ನಿನ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ರೋಗಿಗಳ ಬಾಯಿಂದಲೇ ಕೇಳಿ ಕನ್ನಡದ ಮಾತುಗಳನ್ನು ದೇವನಾಗರಿಯಲ್ಲಿ ಬರೆದುಕೊಳ್ಳತೊಡಗಿದಳು. “ನೋವ್ ಆಗ್ತೈತೇನ್ರಿ?” “ಮ್ಯಾಲ ನೋಡ್ರಿ, ಕೆಳಗ ನೋಡ್ರಿ.” ಕೊಂಕಣಿಯ ರಾಗದಲ್ಲಿ ಅವಳು ಹೀಗೆ ಕೇಳಿದರೆ ಆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಎರಡೇ ವಾರದಲ್ಲಿ ಅವರು, “ಆ ನಗೋ ಬಾಯಾರ ಕಡೆ ಹೋಗೂಣು ಬಾ” ಎಂದು ಅವಳ ಮೇಜಿನ ಮುಂದೆ ಸಾಲು ಹಚ್ಚಿದರು. ಹುಟ್ಟಿದಾಗಿನಿಂದ ಕನ್ನಡ ಆಡಿದ ನಾನು ಪಕ್ಕದ ಮೇಜಿನಲ್ಲಿ ಪೆನ್ನು ಕಚ್ಚುತ್ತ ಕೂತಿದ್ದೆ. ನನಗೆ ಅವಳ ಸೂಜಿಯ ಮೇಲಿದ್ದುದು ಅಸೂಯೆ. ಈ ನೋಟ್‌ಬುಕ್ಕಿನ ಮೇಲೆ ಹುಟ್ಟಿದ್ದು ದ್ವೇಷವೇ ಸರಿ.

ಶಾಂತವ್ವ ಬಂದದ್ದು ಇಂಥ ಒಂದು ಸೋಮವಾರ. ನಲವತ್ತರ ಆಸುಪಾಸಿನ ಹೆಂಗಸು, ಬಾದಾಮಿ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸ, ಇವಳು ಬುಟ್ಟಿ ಹೊರುವುದು. ದಾಬೋಲಿಮ್‌ನ ಒಂದು ಶೆಡ್ಡಿನಲ್ಲಿ ವಾಸ. ಅವಳ ಬಲಗಣ್ಣು ಕೆಳಕ್ಕೂ ಮೂಗಿನ ಕಡೆಗೂ ಜರುಗಿತ್ತು. ಹುಬ್ಬಿನ ಹೊರ ತುದಿಯ ಕೆಳಗೆ, ಕಣ್ಣೀರಿನ ಗ್ರಂಥಿ ಇರುವಲ್ಲಿ, ಅಡಕೆಯಷ್ಟು ಗಟ್ಟಿ ಗಂಟು. ನಾನು ಪರದೆಯ ಈಚೆ ಬೇರೊಬ್ಬರ ಕಣ್ಣು ಅಳೆಯುತ್ತಿದ್ದೆ. ಪರದೆಯ ಆಚೆ ಮೃಣಾಲಿ ತನ್ನ ಹೊಸ ಕನ್ನಡದಲ್ಲಿ ವಿಚಾರಣೆ ನಡೆಸಿದ್ದಳು.

“ಎಷ್ಟ್ ದಿನಾ ಆತ್ರಿ ಅವ್ವಾ?”

“ದಿನಾ ಯಾರು ಎಣಿಸ್ತಾರ್ರೀ ಬಾಯಾರ. ಮೂರು ಸ್ಲ್ಯಾಬ್ ಆದ್ವು ನೋಡ್ರಿ. ಮೊದಲ್ನೇ ಸ್ಲ್ಯಾಬಿನ್ಯಾಗ ರೆಪ್ಪಿ ಒಂಚೂರು ದಪ್ಪ ಆಗಿತ್ತು. ಎರಡ್ನೇದಕ್ಕ ಕಣ್ಣು ಕೆಳಗ ಸರೀತು. ನೋವಿಲ್ಲ, ನೀರು ಸುರಿಯಾಂಗಿಲ್ಲ, ಏನಿಲ್ಲ.”

ಮೃಣಾಲಿಗೆ ಮಾತು ಅರ್ಥವಾದ ಖುಷಿ. ಪಣಜಿಯಲ್ಲಿ ಅವಳ ಮನೆಯೆದುರು ಏಳು ಮಹಡಿಯ ಕಟ್ಟಡವೊಂದು ಏಳುತ್ತಿತ್ತು. ತಿಂಗಳಿಗೊಂದು ಸ್ಲ್ಯಾಬ್ ಏರುವುದನ್ನು ಅವಳು ಬಾಲ್ಕನಿಯಿಂದ ದಿನಾ ನೋಡುತ್ತಿದ್ದಳು. “ಥ್ರೀ ಮಂಥ್ಸ್” ಎಂದು ತನಗೇ ಹೇಳಿಕೊಂಡು ಬರೆದಳು. ಪೆನ್ನಿನ ಸದ್ದು ನನಗೆ ಕೇಳಿಸಿತು.

ನನಗೆ ಕೂಡಲೇ ಗೊತ್ತಾಯಿತು. ನನ್ನ ಸೋದರಮಾವ ಬಿಜಾಪುರದಲ್ಲಿ ಗೌಂಡಿ. ಅವನ ಕೈಕೆಳಗಿನ ಹೆಂಗಸರು ಕ್ಯಾಲೆಂಡರ್ ನೋಡಿದ್ದನ್ನು ನಾನು ಕಂಡವಳಲ್ಲ. ಮಗು ಹುಟ್ಟಿದ್ದು, ಅತ್ತೆ ಸತ್ತದ್ದು, ಜ್ವರ ಬಂದದ್ದು ಎಲ್ಲಕ್ಕೂ ಸ್ಲ್ಯಾಬೇ ಗುರುತು. ಶಾಂತವ್ವನಂಥವರ ಸಣ್ಣ ತಂಡಗಳು ಕಟ್ಟುವುದು ಒಂದಂತಸ್ತಿನ ಮನೆ, ಮನೆಗೊಂದೇ ಸ್ಲ್ಯಾಬ್. ಮಳೆಗಾಲದಲ್ಲಿ ಅದೂ ಇಲ್ಲ. ಮೂರು ಸ್ಲ್ಯಾಬ್ ಮೂರು ತಿಂಗಳಲ್ಲಿ ಆಗುವ ಮಾತೇ ಅಲ್ಲ. ಪರದೆ ಸರಿಸಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಪರದೆ ಸರಿಸಲಿಲ್ಲ.

ಆದರೂ ಖಾತ್ರಿ ಮಾಡಿಕೊಳ್ಳೋಣವೆಂದು ಸಂಜೆ ವಾರ್ಡಿಗೆ ಹೋದೆ. ಶಾಂತವ್ವ ಮಂಚದ ಮೇಲೆ ಕಾಲು ಮಡಚಿ ಕೂತು ಕಿಟಕಿಯಾಚೆಯ ಮಳೆ ನೋಡುತ್ತಿದ್ದಳು.

“ಮೂರು ಸ್ಲ್ಯಾಬಂದ್ರ ಎಷ್ಟು ದಿನಾ ಆತಬೇ ಯವ್ವಾ?” ಎಂದೆ.

“ಅಯ್ಯ, ನೀವು ನಮ್ಮ ಕಡ್ಯಾವ್ರೇನ್ರಿ ಅಕ್ಕಾರ!” ಎಂದು ನನ್ನ ಕೈ ಹಿಡಿದಳು. “ಹ್ವಾದ ವರ್ಷದ ಹಿಂದಿನ ವರ್ಷ ದೀಪಾವಳಿ ಮುಂದ ಒಂದು. ಹ್ವಾದ ವರ್ಷ ಮಳಿ ಬಿಟ್ಟ ಮ್ಯಾಲ ಒಂದು. ಈ ಯುಗಾದಿಗೆ ಮೂರನೇದು. ಒಂದೊಂದು ಸ್ಲ್ಯಾಬಿಗೂ ಮಾಲಕರು ಕುರಿ ಕಡಿಸಿ ಊಟಾ ಹಾಕ್ಯಾರ್ರಿ. ಉಂಡದ್ದು ಮರೀತೀವೇನ?”

ಹತ್ತಿರ ಹತ್ತಿರ ಎರಡು ವರ್ಷ. ಇದು ಬರೀ ಲೆಕ್ಕದ ಮಾತಲ್ಲ. ಯಾವ ದಾರಿ ಹಿಡಿಯಬೇಕೆನ್ನುವುದು ನಿಂತಿರುವುದೇ ಇದರ ಮೇಲೆ. “ಸಲಕರಣೆ ಎತ್ತಿಕೊಳ್ಳುವ ಮೊದಲು ಎಷ್ಟು ಕಾಲದಿಂದ ಎಂದು ಕೇಳಿ” ಎಂದು ಮೇಡಂ ಮೊದಲ ವರ್ಷದಿಂದ ನಮ್ಮ ತಲೆಗೆ ಬಡಿದಿದ್ದರು. ಆ ಜಾಗದಲ್ಲಿ ಮೂರೇ ತಿಂಗಳಲ್ಲಿ ಬೆಳೆದ ಗಂಟಾದರೆ ಕೆಟ್ಟ ಜಾತಿಯದಿರಬಹುದು. ಸೂಜಿ ಹಾಕಿಯೋ ಚೂರು ತೆಗೆದೋ ಬೇಗ ತಿಳಿಯಬೇಕು. ವರ್ಷಗಟ್ಟಲೆ ನೋವಿಲ್ಲದೆ ನಿಧಾನ ಬೆಳೆದದ್ದಾದರೆ ಬಹುಮಟ್ಟಿಗೆ ಸಾಧು ಗಂಟು. ಆದರೆ ಆ ಸಾಧುವಿಗೊಂದು ಶಾಪವಿದೆ. ಅದರ ಹೊದಿಕೆ ಹರಿದರೆ ಒಳಗಿನದು ಸುತ್ತ ಚೆಲ್ಲುತ್ತದೆ. ಹತ್ತು ಹದಿನೈದು ವರ್ಷದ ಮೇಲೂ ಮತ್ತೆ ಮೊಳೆಯಬಹುದು, ಕೆಲವೊಮ್ಮೆ ಕ್ಯಾನ್ಸರ್ ಆಗಿಯೇ. ಅದಕ್ಕೇ ಅದನ್ನು ಚುಚ್ಚಬಾರದು, ಕೊಯ್ಯಬಾರದು, ಇಡಿಯಾಗಿ ಎತ್ತಬೇಕು. ಸಣ್ಣ ಸೂಜಿಯಿಂದ ಅಷ್ಟೇನೂ ಆಗದು ಎನ್ನುವವರೂ ಇದ್ದರು. ಮೇಡಂ ಆ ಪೈಕಿ ಅಲ್ಲ.

ಮಂಗಳವಾರ ಸಿ.ಟಿ. ಫಿಲ್ಮು ಬಂತು. ಬೆಳಕಿಗೆ ಹಿಡಿದು ನೋಡಿದೆ. ಗಂಟು ಗುಂಡಗೆ, ನುಣ್ಣಗೆ. ಅದರ ಪಕ್ಕದ ಎಲುಬು ಬೋಗುಣಿಯ ಹಾಗೆ ಮೆಲ್ಲಗೆ ತಗ್ಗಾಗಿತ್ತು. ಎಲುಬನ್ನು ಹಾಗೆ ತಳ್ಳಿ ತಗ್ಗು ಮಾಡಲು ವರ್ಷಗಳೇ ಬೇಕು. ಜತೆಗಿದ್ದ ವರದಿಯಲ್ಲಿ ಮಾತ್ರ “ಮೂರು ತಿಂಗಳ ಗಂಟು, ಬಯಾಪ್ಸಿ ಮಾಡಿ” ಎಂದಿತ್ತು. ಸಿ.ಟಿ. ವಿಭಾಗದವರೂ ಮೃಣಾಲಿಯ ಚೀಟಿಯನ್ನೇ ನಂಬಿದ್ದರು. ಫಿಲ್ಮನ್ನು ಮಡಚದ ಹಾಗೆ ಕವರಿನೊಳಗೆ ಇಟ್ಟೆ. ಶುಕ್ರವಾರ ಸೂಜಿ ಹಾಕುವುದೆಂದು ನಿಗದಿಯಾಗಿತ್ತು. ಅದಕ್ಕೆ ಮೊದಲು ಗುರುವಾರ ಬೆಳಿಗ್ಗೆ ಇಡೀ ವಿಭಾಗದ ಮೀಟಿಂಗು. ಅಲ್ಲಿ ಮೃಣಾಲಿ ಕೇಸನ್ನು ಓದಿ ಮುಗಿಸಿದ ಮೇಲೆ ನಾನು ಎದ್ದು ನಿಲ್ಲಬೇಕು, ಫಿಲ್ಮಿನ ತಗ್ಗು ತೋರಿಸಬೇಕು, ಸ್ಲ್ಯಾಬಿನ ಲೆಕ್ಕ ಬಿಡಿಸಬೇಕು. ಮೇಡಂ ಏನೆನ್ನಬಹುದು ಎಂಬುದನ್ನೂ ನಾನೇ ಯೋಚಿಸಿಟ್ಟಿದ್ದೆ. ಶಾಂತವ್ವನಿಗೆ ಕೆಡುಕಾಗಲಿ ಎಂದು ನಾನು ಬಯಸಿರಲಿಲ್ಲ, ದೇವರಾಣೆ. ನನಗೆ ಬೇಕಾಗಿದ್ದದ್ದು ನಾಲ್ಕು ಜನರ ಮುಂದೆ ಮೃಣಾಲಿಯ ಮುಖ ಬಾಡುವುದು. ಸತ್ಯವನ್ನು ಅದಕ್ಕಾಗಿ ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡೆ.

ನಾನೊಂದು ಬಗೆದರೆ ದೈವವೊಂದು ಬಗೆಯಿತು. ಬುಧವಾರ ಮಳೆ ಹುಚ್ಚೆದ್ದು ಸುರಿಯಿತು. ಓ.ಪಿ.ಡಿ.ಗೆ ಜನವಿಲ್ಲ, ಶುಕ್ರವಾರದ ಪೆಥಾಲಜಿ ಡಾಕ್ಟರು ಅವತ್ತೇ ಬಿಡುವಾಗಿದ್ದರು. ಹನ್ನೊಂದರ ಸುಮಾರಿಗೆ ವಾರ್ಡಿನ ಆಯಾ ನನ್ನ ಕೊಠಡಿಯೊಳಗೆ ಇಣುಕಿ, “ನಿಮ್ಮ ಕನ್ನಡದವಳನ್ನು ಸೂಜಿಗೆ ಕರೆದುಕೊಂಡು ಹೋದರು” ಎಂದು ಕೊಂಕಣಿಯಲ್ಲಿ ಹೇಳಿ ಹೋದಳು.

ನಾನು ಎದ್ದೆ. ಆ ಕೋಣೆಗೆ ಓಡಿದರೆ ಎರಡು ನಿಮಿಷದ ದಾರಿ. ಬಾಗಿಲವರೆಗೆ ಹೋದವಳು ಅಲ್ಲೇ ನಿಂತೆ. ಈಗ ಹೋಗಿ ಹೇಳಿದರೆ ಅಲ್ಲಿರುವವರು ಮೃಣಾಲಿ ಮತ್ತು ಒಬ್ಬ ಪೆಥಾಲಜಿ ಡಾಕ್ಟರು, ಅಷ್ಟೇ. ಅವಳು “ಓ, ಥ್ಯಾಂಕ್ಯೂ ಕಣೇ” ಎಂದು ನಕ್ಕು ಸೂಜಿ ಕೆಳಗಿಡುತ್ತಾಳೆ. ನನ್ನ ಎರಡು ದಿನದ ಸಿದ್ಧತೆ ನೀರಿನಲ್ಲಿ ಹೋಮ. ಇದಿಷ್ಟೂ ನನ್ನ ತಲೆಯಲ್ಲಿ ಹಾದುಹೋಯಿತು, ಒಂದೊಂದು ಮಾತೂ ನೆನಪಿದೆ. ಆಮೇಲೆ ಓಡಿದೆ. ಓಡಿದ್ದೂ ಖರೇ, ತಡ ಮಾಡಿದ್ದೂ ಖರೇ.

ಬಾಗಿಲು ತೆಗೆದಾಗ ಮೃಣಾಲಿ ಶಾಂತವ್ವನ ಹುಬ್ಬಿನ ಕೆಳಗೆ ಹತ್ತಿ ಒತ್ತಿ ಹಿಡಿದು, “ಮುಗೀತ್ರಿ ಅವ್ವಾ, ಮುಗೀತು” ಎನ್ನುತ್ತಿದ್ದಳು. ಶಾಂತವ್ವ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿ, “ಒಂದೀಟೂ ನೋವಾಗ್ಲಿಲ್ರಿ ಅಕ್ಕಾರ, ಭಾಳ ಚಲೋ ಕೈ ಅವರದು” ಎಂದಳು.

ಗುರುವಾರ ಮೀಟಿಂಗಿಗೆ ಮೊದಲೇ ಪೆಥಾಲಜಿಯವರ ಮಾತು ಬಂತು. ಸಾಧು ಗಂಟೇ, ಮುಟ್ಟಬಾರದ ಜಾತಿಯದೇ. ಮೀಟಿಂಗಿನಲ್ಲಿ ಮೇಡಂ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಈ ಎಲುಬು ಮೂರು ತಿಂಗಳಲ್ಲಿ ಹೀಗಾಗುವುದಿಲ್ಲ. ರೋಗದ ಇತಿಹಾಸ ಬರೆದವರು ಯಾರು?” ಎಂದರು. “ನಾನು” ಎಂದಳು ಮೃಣಾಲಿ. ನಾನು ಕನಸು ಕಂಡಂತೆಯೇ ಅವಳ ಮುಖ ಬಾಡಿತು. ನನಗೆ ಆ ಕ್ಷಣ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಚೂರು ಆಯಿತು.

ಮೇಡಂ ನಮ್ಮಿಬ್ಬರನ್ನೂ ಕರೆದುಕೊಂಡು ನೇರ ವಾರ್ಡಿಗೆ ನಡೆದರು. “ನೀನು ಕೇಳು, ನಿಮ್ಮ ಭಾಷೆಯಲ್ಲಿ” ಎಂದು ನನ್ನನ್ನು ಮುಂದೆ ಬಿಟ್ಟರು. ನಾನು ಏನೂ ಗೊತ್ತಿಲ್ಲದವಳ ಹಾಗೆ, “ಶಾಂತವ್ವ, ಈ ಗಂಟು ಆಗಿ ಎಷ್ಟು ದಿನಾ ಆತಬೇ?” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಸ್ವಾಮಾರ ಸಂಜೀಕ ನಿಮಗ ಹೇಳಿದ್ನೆಲ್ರೀ ಅಕ್ಕಾರ, ಎರಡು ವರ್ಷ ಆಗಾಕ ಬಂತಂತ? ಮತ್ತ ಯಾಕ ಕೇಳಾಕತ್ತೀರಿ?”

ನನ್ನ ಕಿವಿ ಬಿಸಿಯಾಯಿತು. “ಏನಂತೆ?” ಎಂದರು ಮೇಡಂ. “ಎರಡು ವರ್ಷವಂತೆ ಮೇಡಂ” ಎಂದೆ. ಅದು ಸುಳ್ಳಲ್ಲವಲ್ಲ. ಮೃಣಾಲಿ ತಲೆ ತಗ್ಗಿಸಿ ನಿಂತಿದ್ದಳು. ಶಾಂತವ್ವ ಆಡಿದ್ದು ಅವಸರದ ಮಾತು. ನೋಟ್‌ಬುಕ್ಕಿನ ಕನ್ನಡಕ್ಕೆ ಅದು ಎಟುಕಿರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. “ತಪ್ಪು ನನ್ನದು ಮೇಡಂ, ಅರ್ಧ ಕಲಿತ ಭಾಷೆಯಲ್ಲಿ ಕೇಳಬಾರದಿತ್ತು” ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ. ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳಲು ಬರುತ್ತದಲ್ಲ ಇವಳಿಗೆ ಎಂದು ಅದಕ್ಕೂ ನನಗೆ ಅಸೂಯೆಯಾಯಿತು.

ಮುಂದಿನ ವಾರ ಮೇಡಂ ಆಪರೇಶನ್ ಮಾಡಿದರು. ಕಣ್ಣಿನ ಹೊರ ಪಕ್ಕದ ಎಲುಬು ಸರಿಸಿ, ಗಂಟನ್ನು ಹೊದಿಕೆ ಸಮೇತ, ಸೂಜಿ ಹೋದ ದಾರಿಯ ಚರ್ಮವನ್ನೂ ಸೇರಿಸಿ ತೆಗೆದರು. ಸಹಾಯಕ್ಕೆ ಯಾವಾಗಲೂ ಮೃಣಾಲಿ ನಿಲ್ಲುತ್ತಿದ್ದಳು. ಈ ಸಲ ನನ್ನನ್ನು ನಿಲ್ಲಿಸಿಕೊಂಡರು. ಗಂಟು ಇಡಿಯಾಗಿ ಹೊರಬಂತು. ಕಣ್ಣು ತನ್ನ ಜಾಗಕ್ಕೆ ಮರಳಿತು, ದೃಷ್ಟಿಯೂ ಉಳಿಯಿತು. “ಚುಚ್ಚಿದ್ದೇವೆ, ಆದ್ದರಿಂದ ಹದಿನೈದು ವರ್ಷ ತಪ್ಪದೆ ನೋಡುತ್ತಿರಬೇಕು. ಅವಳಿಗೆ ತಿಳಿಯುವ ಹಾಗೆ ಹೇಳು” ಎಂದರು ಮೇಡಂ. ಹೇಳಿದೆ. ಶಾಂತವ್ವ ಪಟ್ಟಿ ಕಟ್ಟಿದ ಮುಖದಲ್ಲೇ ನಕ್ಕಳು.

“ಹದಿನೈದು ವರ್ಷಕ್ಕ ನಾ ಯಾವ ಊರಾಗ, ಯಾರ ಮನಿ ಕಟ್ಟಾಕತ್ತಿರತೀನೋ ಏನೋ ರೀ.”

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವಾಡಿದವಳೂ ನಾನೊಬ್ಬಳೇ. ಹೆದರಿಕೆಯನ್ನು ಹೊತ್ತುಕೊಂಡು ಹೋದದ್ದು ಶಾಂತವ್ವ.

ಆಮೇಲೆ ಮೃಣಾಲಿ ಕನ್ನಡ ಆಡುವುದನ್ನು ಬಿಟ್ಟಳು. ನೋಟ್‌ಬುಕ್ ಜೇಬಿನಿಂದ ಮಾಯವಾಯಿತು. ನಮ್ಮ ಕಡೆಯವರು ಬಂದರೆ ನನ್ನ ಮೇಜಿನತ್ತ ಕೈ ತೋರಿಸಿ, “ನೀನೇ ಕೇಳು” ಎನ್ನುತ್ತಿದ್ದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಕ್ಯಾಂಟೀನಿನಲ್ಲಿ ಮೊದಲಿನ ಹಾಗೇ ನನ್ನ ತಟ್ಟೆಗೆ ಅವಳ ಮನೆಯ ಮೀನಿನ ಸಾರು ಬಡಿಸುತ್ತಿದ್ದಳು. ಕನ್ನಡದವರೆಲ್ಲ ನನ್ನವರಾದರು. ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತ್ತು. ಆದರೆ ಬಂದವರು ಮೊದಲು ಕೇಳುತ್ತಿದ್ದದ್ದು, “ಆ ನಗೋ ಬಾಯಾರು ರಜಾ ಅದಾರೇನ್ರಿ?” ಎಂದು.

ಮರುವರ್ಷದ ಮಳೆಗಾಲಕ್ಕೆ ಶಾಂತವ್ವ ತಪ್ಪದೆ ತಪಾಸಣೆಗೆ ಬಂದಳು. ಕಣ್ಣು ಚೆನ್ನಾಗಿತ್ತು, ಗಂಟಿನ ಸುಳಿವಿರಲಿಲ್ಲ. ಅವಳನ್ನು ನಾನು ನೋಡಿದ್ದು ಅದೇ ಕೊನೆ. ಆಮೇಲೆ ಯಾವ ಊರಿಗೆ ಹೋದಳೋ, ಹುಬ್ಬಿನ ಕೆಳಗೆ ಮತ್ತೇನಾದರೂ ಮೊಳೆಯಿತೋ, ಇಂದಿಗೂ ನನಗೆ ಗೊತ್ತಿಲ್ಲ. ಅವತ್ತು ಪರೀಕ್ಷೆ ಮುಗಿದ ಮೇಲೆ ಅವಳು ಏಳಲಿಲ್ಲ. ಕುತ್ತಿಗೆ ಉದ್ದ ಮಾಡಿ ಪಕ್ಕದ ಮೇಜಿನ ಕಡೆ ನೋಡುತ್ತಿದ್ದಳು. ಮೃಣಾಲಿ ಎದ್ದು ಬಂದು ಹಿಂದಿಯಲ್ಲಿ ಕ್ಷೇಮಸಮಾಚಾರ ಕೇಳಿದಳು. ಶಾಂತವ್ವನಿಗೆ ಅದು ಸೇರಲಿಲ್ಲ.

“ಯಾಕ್ರೀ ಬಾಯಾರ, ನಮ್ಮ ಮಾತು ಮರತ ಬಿಟ್ರೇನು?”

ಮೃಣಾಲಿ ಉತ್ತರ ಕೊಟ್ಟದ್ದು ಅವಳಿಗೇ. ಆದರೆ ಕಣ್ಣು ಇದ್ದದ್ದು ನನ್ನ ಮೇಲೆ.

“ಮರತಿಲ್ರಿ ಅವ್ವಾ. ಸ್ವಾಮಾರ ಸಂಜೀಕ ನೀವು ಇವರಿಗೆ ಹೇಳಿದ್ದೂ ನನಗ ನೆನಪೈತಿ.”

ಒಂದಕ್ಷರ ತಪ್ಪಿಲ್ಲ. ಶಾಂತವ್ವ ಏನೂ ತಿಳಿಯದೆ ಖುಷಿಯಿಂದ ಅವಳ ಗಲ್ಲ ಸವರಿ ಲಟಿಕೆ ಮುರಿದಳು. ಮೃಣಾಲಿ ತನ್ನ ಮೇಜಿಗೆ ಹೋಗಿ ಮುಂದಿನ ರೋಗಿಯನ್ನು ಕರೆದಳು. ಇಡೀ ಒಂದು ವರ್ಷ ನನ್ನ ಪಕ್ಕದಲ್ಲೇ ಕೂತು, ನನ್ನ ತಟ್ಟೆಗೆ ಸಾರು ಬಡಿಸಿ, ಈ ಮಾತನ್ನು ಮೇಡಂ ಕಿವಿಗೆ ಹಾಕದೆ ಇಟ್ಟುಕೊಂಡಿದ್ದಳು. ನಾನು ಸತ್ಯವನ್ನು ಎರಡು ದಿನ ಇಟ್ಟುಕೊಂಡದ್ದು ಅವಳ ಮಾನ ಕಳೆಯಲಿಕ್ಕೆ. ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಅಷ್ಟು ನಾಚಿಕೆಯ ನಡುವೆಯೂ, ಆ ತಾಳ್ಮೆ ನನಗೇಕೆ ಕೊಡಲಿಲ್ಲ ದೇವರೇ ಎಂದು ಅವಳ ಮೇಲೆ ಹೊಟ್ಟೆಕಿಚ್ಚೇ ಆಯಿತು.